ಪರೀಕ್ಷೆ ಮುಂದಕ್ಕೆ ಹೋದರೆ ನಾವು ಮುಂದೆ ಹೋಗ್ತೀವಾ?

ಫೆಬ್ರವರಿ ಕೊನೆಯ ವಾರ. ನಮ್ಮ ರೂಮಿನಲ್ಲಿ ನಾವು ನಾಲ್ಕು ಜನ ಇಂಟರ್ನಲ್ಸ್‌ಗೆ ಓದ್ತಾ ಇದ್ವಿ. ಓದ್ತಾ ಇದ್ವಿ ಅಂದ್ರೆ ಪುಸ್ತಕ ತೆರೆದಿಟ್ಟು ಮ್ಯಾಗಿ ತಿಂತಾ ಇದ್ವಿ. ಅಷ್ಟರಲ್ಲಿ ಹಾವೇರಿ ಕಡೆಯ ಗೆಳೆಯನಿಗೆ ಊರಿಂದ ಫೋನ್ ಬಂತು. ಮಾಡಿದ್ದು ಅವನ ತಂಗಿ. ಸೆಕೆಂಡ್ ಪಿಯು, ಪಿಸಿಎಂಬಿ. ನೀಟ್ ಅರ್ಜಿ ತುಂಬುವ ಕೊನೇ ದಿನ ಹತ್ತಿರ ಬಂದಿತ್ತು.

"ಅಣ್ಣಾ, ನಾ ಈ ಸಲ ನೀಟ್ ಬರಿಯಂಗಿಲ್ಲ. ಮುಂದಿನ ವರ್ಷ ಬರೀತೀನಿ. ಅಪ್ಪಗ ನೀನ ಹೇಳು."

ಅವನು ಫೋನ್ ಇಟ್ಟ ಮೇಲೆ ನಮ್ಮ ರೂಮಲ್ಲಿ ಶುರುವಾದ ಚರ್ಚೆ ರಾತ್ರಿ ಎರಡೂವರೆವರೆಗೂ ನಡೀತು. ಇಂಟರ್ನಲ್ಸ್ ಏನಾಯ್ತು ಅಂತ ಇಲ್ಲಿ ಬರೆಯಲ್ಲ. ಆದರೆ ಆ ಚರ್ಚೆ ಬರೆದಿಡಬೇಕು ಅನ್ನಿಸಿತು. ಯಾಕಂದ್ರೆ ಈ ಕ್ಯಾಂಪಸ್ಸಿನಲ್ಲಿ ಇರೋ ನಮ್ಮಲ್ಲಿ ಎಷ್ಟೋ ಜನ ಒಂದು ಕಾಲದಲ್ಲಿ ಡಾಕ್ಟರ್ ಆಗಬೇಕು ಅಂದುಕೊಂಡು ಇಲ್ಲಿಗೆ ಬಂದವರೇ. ಈಗ ನಮ್ಮ ತಮ್ಮ, ತಂಗಿ, ಚಿಕ್ಕಪ್ಪನ ಮಗಳು ಎಲ್ಲರೂ ನಮ್ಮನ್ನೇ ಕೇಳ್ತಾರೆ. "ಬರೀಲಾ, ಮುಂದಕ್ಕೆ ಹಾಕಲಾ?" ನಾವು ಬಾಯಿಗೆ ಬಂದದ್ದು ಹೇಳಿಬಿಡ್ತೀವಿ.

ನಮ್ಮ ಮೊದಲ ಉತ್ತರವೂ ಹಾಗೇ ಇತ್ತು. "ರೆಡಿ ಇಲ್ಲ ಅಂದ್ರೆ ಬರೀಬೇಡ, ಚಾನ್ಸ್ ಯಾಕೆ ವೇಸ್ಟ್ ಮಾಡ್ಕೋತಾಳೆ?" ಅಂದ್ವಿ. ಇದು ಇಂಜಿನಿಯರಿಂಗ್ ತಲೆ. ಜೆಇಇ ಅಡ್ವಾನ್ಸ್ಡ್ ಬರೆಯೋಕೆ ಸಿಗೋದು ಎರಡೇ ಅವಕಾಶ, ಅದೂ ಒಂದರ ಹಿಂದೆ ಒಂದು ವರ್ಷ. ಅಲ್ಲಿ ಅವಕಾಶ ಎಣಿಸಿಕೊಂಡು ಕೂರೋದಕ್ಕೆ ಅರ್ಥ ಇದೆ. ನೀಟ್‌ಗೆ ಆ ಲೆಕ್ಕ ಇಲ್ಲ. ಎಷ್ಟು ಸಲ ಬೇಕಾದರೂ ಬರೀಬಹುದು. ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದುಹಾಕಿದ್ದಾರೆ. ಈ ಸಲ ಬರೆದರೆ ಮುಂದಿನ ಸಲದ ಅವಕಾಶ ಒಂದು ಚೂರೂ ಕಮ್ಮಿ ಆಗಲ್ಲ. ಖರ್ಚಾಗೋದು ಅರ್ಜಿ ಶುಲ್ಕ (2025ರಲ್ಲಿ ಸಾಮಾನ್ಯ ವರ್ಗಕ್ಕೆ 1700 ರೂಪಾಯಿ ಇತ್ತು) ಮತ್ತು ಮೇ ತಿಂಗಳ ಒಂದು ಭಾನುವಾರದ ಮಧ್ಯಾಹ್ನ. ಹಾಗಿದ್ದ ಮೇಲೆ "ಚಾನ್ಸ್ ವೇಸ್ಟ್" ಅನ್ನೋ ಮಾತೇ ತಪ್ಪು.

ಇದನ್ನು ಹೇಳಿದ್ದು ನಮ್ಮ ರೂಮಿನ ನಾಲ್ಕನೆಯವನು. ಅವನು ನಮಗಿಂತ ಒಂದು ವರ್ಷ ದೊಡ್ಡವನು. 2023ರಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು, ಸೀಟ್ ಸಿಗದೆ ಒಂದು ವರ್ಷ ಲಾಂಗ್ ಟರ್ಮ್ ಮಾಡಿದವನು. ಆ ವಿಷಯ ಸಾಮಾನ್ಯವಾಗಿ ಅವನು ಮಾತಾಡಲ್ಲ. ಅವತ್ತು ಮಾತಾಡಿದ.

ಅವನ ಲೆಕ್ಕ ಹೀಗಿದೆ. ಮೊದಲನೇ ಸಲ 500ರ ಆಸುಪಾಸು ಅಂಕ ಬಂದಿತ್ತು. ಒಂದು ವರ್ಷ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಓದಿದ. 2024ರ ಮೇ 5ಕ್ಕೆ ಮತ್ತೆ ಬರೆದ. ಎಪ್ಪತ್ತು ಅಂಕ ಜಾಸ್ತಿ ಬಂತು. ರ್‍ಯಾಂಕ್ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು! ಆ ವರ್ಷ ಏನಾಯ್ತು ಅಂತ ನಮಗೆಲ್ಲ ನೆನಪಿದೆ, ಯಾಕಂದ್ರೆ ಉಳಿದ ಮೂವರೂ ಪಿಯು ಮುಗಿಸಿದ್ದು ಅದೇ ವರ್ಷ. ಜೂನ್ 4ಕ್ಕೆ ಫಲಿತಾಂಶ ಬಂದಾಗ 67 ಜನರಿಗೆ 720ಕ್ಕೆ 720. ಗ್ರೇಸ್ ಮಾರ್ಕ್ಸ್ ಗಲಾಟೆ, 1563 ಜನರಿಗೆ ಜೂನ್ 23ರಂದು ಮರುಪರೀಕ್ಷೆ, ಪ್ರಶ್ನೆಪತ್ರಿಕೆ ಸೋರಿಕೆಯ ಕೇಸು, ಕೊನೆಗೆ ಜುಲೈ 23ಕ್ಕೆ ಎಲ್ಲರಿಗೂ ಮರುಪರೀಕ್ಷೆ ಬೇಡ ಅಂತ ಸುಪ್ರೀಂ ಕೋರ್ಟ್ ಹೇಳಿತು. ಫಿಸಿಕ್ಸಿನ ಒಂದು ಪ್ರಶ್ನೆಯ ಉತ್ತರ ಬದಲಾದ ಮೇಲೆ ಪೂರ್ತಿ ಅಂಕದವರು 17ಕ್ಕೆ ಇಳಿದರು. ಹಿಂದಿನ ವರ್ಷ ಸರ್ಕಾರಿ ಸೀಟ್ ತರುತ್ತಿದ್ದ ಅಂಕ ಆ ವರ್ಷ ಏನೂ ತರಲಿಲ್ಲ.

ಮರುವರ್ಷ ಇದೇ ಕತೆ ಉಲ್ಟಾ ಆಯ್ತು. 2025ರ ಮೇ 4ರ ಪತ್ರಿಕೆ, ಅದರಲ್ಲೂ ಫಿಸಿಕ್ಸ್, ಎಷ್ಟು ಕಷ್ಟ ಇತ್ತು ಅಂದ್ರೆ ದೇಶಕ್ಕೇ ಮೊದಲು ಬಂದವರಿಗೆ 686. ಹಿಂದಿನ ಮೂರು ವರ್ಷ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಿ ಅಂತಿದ್ದರು, 200 ನಿಮಿಷ ಇತ್ತು. 2025ಕ್ಕೆ ಆಯ್ಕೆಯನ್ನೂ ತೆಗೆದರು, ಇಪ್ಪತ್ತು ನಿಮಿಷವನ್ನೂ ತೆಗೆದರು. 180 ಪ್ರಶ್ನೆ, 180 ನಿಮಿಷ. ಈ ಬದಲಾವಣೆ ಗೊತ್ತಾಗಿದ್ದು ಆ ಬ್ಯಾಚಿನವರ ತಯಾರಿ ಅರ್ಧಕ್ಕಿಂತ ಜಾಸ್ತಿ ಮುಗಿದ ಮೇಲೆ.

"ಮುಂದಿನ ವರ್ಷ" ಅಂತ ನಾವು ಹೇಳುವಾಗ ನಮ್ಮ ತಲೆಯಲ್ಲಿ ಇರೋದು ಈ ವರ್ಷದ್ದೇ ಪರೀಕ್ಷೆ, ಜೊತೆಗೆ ಹನ್ನೆರಡು ತಿಂಗಳ ಎಕ್ಸ್‌ಟ್ರಾ ಓದು. ಆದರೆ ಮುಂದಿನ ವರ್ಷ ಬರೋದು ಬೇರೆಯೇ ಪರೀಕ್ಷೆ. ಗೋಲ್ ಪೋಸ್ಟ್ ಎಲ್ಲಿರುತ್ತೆ ಅಂತ ಯಾರಿಗೂ ಗೊತ್ತಿಲ್ಲ.

ಹಾಗಂತ ನಾವು ಲಾಂಗ್ ಟರ್ಮ್‌ಗೆ ವಿರೋಧ ಅಂತ ತಿಳೀಬೇಡಿ. ನಮ್ಮ ಪಿಯು ಕ್ಲಾಸಿನ ಒಬ್ಬ ಹುಡುಗಿ 2024ರಲ್ಲಿ ಬರೆದಳು, ಸಿಗಲಿಲ್ಲ. ಒಂದು ವರ್ಷ ಮನೆಯಲ್ಲೇ ಕೂತು ಓದಿದಳು. 2025ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು. ನಮಗೆಲ್ಲ ಖುಷಿ, ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು. ಆದರೆ ಅವಳು ಮುಂದೂಡಲಿಲ್ಲ ಅನ್ನೋದನ್ನು ಗಮನಿಸಿ. ಮೊದಲು ಬರೆದಳು. ಬರೆದಿದ್ದಕ್ಕೇ ಅವಳಿಗೆ ಗೊತ್ತಾಗಿದ್ದು, ಬಯಾಲಜಿಯ 90 ಪ್ರಶ್ನೆಯಲ್ಲಿ ತನಗೆ ತೊಂದರೆ ಇಲ್ಲ, ಹೊಡೆತ ಬೀಳ್ತಿರೋದು ಫಿಸಿಕ್ಸಿನ 45ರಲ್ಲಿ, ಅದಕ್ಕಿಂತ ಹೆಚ್ಚಾಗಿ ಗೊತ್ತಿಲ್ಲದೇ ಇರೋದಕ್ಕೆಲ್ಲ ಗೆರೆ ಎಳೆದು ಮೈನಸ್ ಮಾರ್ಕ್ಸ್ ತಗೊಂಡಿದ್ದರಲ್ಲಿ ಅಂತ. ಸರಿ ಇದ್ದರೆ ನಾಲ್ಕು ಬರುತ್ತೆ, ತಪ್ಪಾದರೆ ಒಂದು ಹೋಗುತ್ತೆ. ಪರೀಕ್ಷಾ ಹಾಲಿನಲ್ಲಿ ಕೈ ನಡುಗುವಾಗ ಯಾವ ಪ್ರಶ್ನೆ ಬಿಡಬೇಕು ಅನ್ನೋದು ಮನೆಯಲ್ಲಿ ಬರೆಯೋ ಮಾಕ್ ಟೆಸ್ಟಿನಲ್ಲಿ ಪೂರ್ತಿ ಬರಲ್ಲ.

ಬರೆದು, ಫಲಿತಾಂಶ ನೋಡಿ, ಆಮೇಲೆ ಇನ್ನೊಂದು ವರ್ಷ ಕೊಡೋದು ಒಂದು ತೀರ್ಮಾನ. ಬರೆಯೋಕೆ ಮುಂಚೆಯೇ ಮುಂದಕ್ಕೆ ಹಾಕೋದು ಬೇರೆ ತೀರ್ಮಾನ. ಎರಡನ್ನೂ ನಾವು "ಡ್ರಾಪ್" ಅಂತ ಒಂದೇ ಹೆಸರಲ್ಲಿ ಕರೀತೀವಿ. ಮೊದಲನೇದಕ್ಕೆ ಆಧಾರ ಇದೆ. ಎರಡನೇದಕ್ಕೆ ಬರೀ ಭಯ ಇದೆ. ಅದೂ ಅಲ್ಲದೆ ಲಾಂಗ್ ಟರ್ಮ್ ಬ್ಯಾಚುಗಳು ಶುರುವಾಗೋದೇ ಜೂನ್ ಹೊತ್ತಿಗೆ. ಫೆಬ್ರವರಿಯಲ್ಲೇ ಮುಂದೂಡಿದವರು ಅಲ್ಲಿಯವರೆಗೆ ಏನು ಮಾಡ್ತಾರೆ? ಓದ್ತಾರೆ ಅಂತ ಹೇಳ್ತಾರೆ. ನಮಗೆ ಗೊತ್ತು, ಮುಂದೂಡಿದ ದಿನವೇ ಪುಸ್ತಕ ಮುಚ್ಚುತ್ತೆ.

ಹೇಗೆ ಗೊತ್ತು ಅಂತೀರಾ? ಥರ್ಡ್ ಸೆಮ್ ಮ್ಯಾಥ್ಸ್! "ಈ ಸಲ ಬಿಟ್ಟುಬಿಡ್ತೀನಿ ಮಗಾ, ಮುಂದಿನ ಸೆಮ್‌ನಲ್ಲಿ ನೀಟಾಗಿ ಓದಿ ಕ್ಲಿಯರ್ ಮಾಡ್ತೀನಿ" ಅಂತ ಹೇಳಿದವರು ಈ ಕಾಲೇಜಿನಲ್ಲಿ ಎಷ್ಟು ಜನ ಇದ್ದೀವಿ, ಕೈ ಎತ್ತಿ. ನಮ್ಮ ರೂಮಿನಲ್ಲೇ ಇಬ್ಬರು ಎತ್ತಿದ್ವಿ. ಮುಂದಿನ ಸೆಮ್ ಬಂದಾಗ ಆ ಸೆಮ್‌ನ ಸಬ್ಜೆಕ್ಟುಗಳೂ ಜೊತೆಗೇ ಬಂದವು. ಬಿಟ್ಟ ಪೇಪರ್ ನಮಗೋಸ್ಕರ ಸುಲಭ ಆಗಿ ಕಾಯ್ತಾ ಕೂತಿರಲಿಲ್ಲ.

ಪರೀಕ್ಷೆಯನ್ನೇ ಮುಂದಕ್ಕೆ ಹಾಕಿದ ವರ್ಷವೂ ಇದೆ. 2020ರಲ್ಲಿ ಕೋವಿಡ್‌ನಿಂದ ನೀಟ್ ಮೇ 3ರಿಂದ ಜುಲೈ 26ಕ್ಕೆ, ಅಲ್ಲಿಂದ ಸೆಪ್ಟೆಂಬರ್ 13ಕ್ಕೆ ಹೋಯ್ತು. ಇನ್ನೂ ಮುಂದೂಡಿ ಅನ್ನೋ ಅರ್ಜಿಯನ್ನು ಸುಪ್ರೀಂ ಕೋರ್ಟ್ ಆಗಸ್ಟ್ 17ಕ್ಕೆ ತಳ್ಳಿಹಾಕಿತು. ಆಗ ನಾವಿನ್ನೂ ಹೈಸ್ಕೂಲಿನಲ್ಲಿದ್ವಿ. ಅವತ್ತು ಮುಂದೂಡಿದ್ದು ಸರಿ. ಜೀವದ ಪ್ರಶ್ನೆ, ಬಸ್ಸು ರೈಲು ಇರಲಿಲ್ಲ. ಆದರೆ ಎಲ್ಲರಿಗೂ ನಾಲ್ಕು ತಿಂಗಳು ಸಿಕ್ಕಿದರೆ ಯಾರಿಗೂ ಹೆಚ್ಚಿಗೆ ಸಿಕ್ಕಿದ ಹಾಗಲ್ಲ. ಪರೀಕ್ಷೆ ಮುಂದಕ್ಕೆ ಹೋಯ್ತು, ಯಾರೂ ಮುಂದೆ ಹೋಗಲಿಲ್ಲ.

ಹಾಗಾದ್ರೆ ಮುಂದೂಡೋದು ಯಾವಾಗ ಸರಿ? ಈ ಬಗ್ಗೆ ನಮ್ಮಲ್ಲಿ ಜಗಳವೇ ಆಯ್ತು. ಕೊನೆಗೆ ನಾಲ್ವರೂ ಒಪ್ಪಿದ್ದು ಇಷ್ಟು. ಮೈ ಹುಷಾರಿಲ್ಲದಾಗ ಸರಿ. ಮನೆಯಲ್ಲಿ ಸಾವು ಆದಾಗ ಸರಿ. ಮನಸ್ಸು ಹುಷಾರಿಲ್ಲದಾಗಲೂ ಸರಿ, ಅದನ್ನು ಸೋಮಾರಿತನ ಅಂತ ಕರೆಯೋ ಹಕ್ಕು ನಮಗೆ ಯಾರಿಗೂ ಇಲ್ಲ. ಹಾಗೆ ಅನ್ನಿಸುತ್ತಿದ್ದರೆ ಮೊದಲು ಯಾರ ಹತ್ತಿರವಾದರೂ ಮಾತಾಡಿ. ಟೆಲಿ ಮಾನಸ್ 14416ಕ್ಕೆ ಮಾಡಿದರೆ ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ. ಇನ್ನೊಂದು, ಡಾಕ್ಟರ್ ಆಗೋದು ನಿಜವಾಗಿ ಬೇಡ ಅಂತಿದ್ದರೆ ಮುಂದೂಡೋದಲ್ಲ, ಬಿಟ್ಟೇ ಬಿಡೋದು ಸರಿ. ಬಯಾಲಜಿ ಇಷ್ಟ ಇರುವವರಿಗೆ ಕೆಸಿಇಟಿಯಲ್ಲಿ ಪಶುವೈದ್ಯಕೀಯ, ಕೃಷಿ, ಫಾರ್ಮಸಿ ಇದೆ. "ಮುಂದಿನ ವರ್ಷ" ಅನ್ನೋದು ಎಷ್ಟೋ ಸಲ "ಬೇಡ" ಅಂತ ಹೇಳೋಕೆ ಧೈರ್ಯ ಇಲ್ಲದವರ ಮಾತು.

ಇಷ್ಟೆಲ್ಲ ತರ್ಕ ಮಾಡಿ, ನಾವು ಗೆದ್ದವರ ಹಾಗೆ ಗೆಳೆಯನಿಗೆ ಹೇಳಿದ್ವಿ, "ನಾಳೆ ಫೋನ್ ಮಾಡಿ ಬರೀಲೇಬೇಕು ಅಂತ ಹೇಳು." ಅವನು ಸುಮ್ಮನೆ ಕೂತಿದ್ದ. ಆಮೇಲೆ ಹೇಳಿದ, ತಂಗಿ ಇನ್ನೊಂದು ಮಾತು ಅಂದಿದ್ದಳು, ಅದನ್ನು ನಮಗೆ ಹೇಳಿರಲಿಲ್ಲ ಅಂತ.

"ಬರದ್ರ ಎಲ್ಲಾರೂ ಎಷ್ಟ ಬಂತು ಅಂತ ಕೇಳ್ತಾರ. ಬರೀಲಿಲ್ಲ ಅಂದ್ರ ಯಾರೂ ಕೇಳಂಗಿಲ್ಲ."

ನಾವು ಯಾರೂ ಮಾತಾಡಲಿಲ್ಲ. ಫಿಸಿಕ್ಸ್ ಆಗಿಲ್ಲ ಅನ್ನೋದು ನೆಪ. ಅವಳು ಮುಂದೂಡ್ತಾ ಇದ್ದದ್ದು ಪರೀಕ್ಷೆಯನ್ನಲ್ಲ, ಅಂಕ ಕೇಳೋ ಜನರನ್ನು. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ "ನೀಟ್‌ನಾಗ ಎಷ್ಟವ್ವಾ?" ಅಂತ ಕೇಳೋ ಜನ. ಆ ಜನರಲ್ಲಿ ನಾವೂ ಇದ್ದೀವಿ. ಕಳೆದ ಜೂನ್‌ನಲ್ಲಿ ರಿಸಲ್ಟ್ ಬಂದ ದಿನ ಜೂನಿಯರ್ಸ್‌ಗೆ ನಾವು ಕಳಿಸಿದ ಮೊದಲ ಮೆಸೇಜ್ ಏನು? "ಎಷ್ಟು?" ಅಷ್ಟೇ. ಒಂದು ಹೈ ಕೂಡ ಇಲ್ಲ. ನಮ್ಮ ಜೊತೆ ಪಿಯು ಓದಿ, ಲಾಂಗ್ ಟರ್ಮ್ ಮಾಡಿ, ಸಿಗದೆ ಈ ವರ್ಷ ಇದೇ ಕಾಲೇಜಿಗೆ ಫಸ್ಟ್ ಇಯರ್ ಬಂದಿರೋ ಗೆಳೆಯನನ್ನು "ಏನೋ ಜೂನಿಯರ್" ಅಂತ ಕ್ಯಾಂಟೀನಿನಲ್ಲಿ ಕರೆದದ್ದೂ ನಾವೇ. ಅವನು ನಕ್ಕ. ಈಗ ಯೋಚಿಸಿದರೆ ಅವನು ಆಮೇಲೆ ನಮ್ಮ ಟೇಬಲ್‌ಗೆ ಬಂದಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಎರಡು ಭಾಗದ್ದು. ಬರೆಯುವವರಿಗೆ: ಈ ವರ್ಷ ಬರೆದುಬಿಡಿ, ತೀರ್ಮಾನ ಜೂನ್‌ಗೆ ಇಟ್ಟುಕೊಳ್ಳಿ. ನಮ್ಮಂಥವರಿಗೆ: ಮಾರ್ಕ್ಸ್ ಕೇಳೋದನ್ನು ನಿಲ್ಲಿಸಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಎರಡನೇದು ಆಗದೆ ಮೊದಲನೇದನ್ನು ಉಪದೇಶ ಮಾಡೋಕೆ ನಮಗೆ ಮುಖ ಇಲ್ಲ.

ಮರುದಿನ ಗೆಳೆಯ ಫೋನ್ ಮಾಡಿದ. "ಬರೀಲೇಬೇಕು" ಅಂತ ಹೇಳಲಿಲ್ಲ. "ಅಂಕ ನಾನೂ ಕೇಳಂಗಿಲ್ಲ, ಅಪ್ಪನೂ ಕೇಳಂಗಿಲ್ಲ, ಅದು ನನ್ನ ಜವಾಬ್ದಾರಿ. ಬರೀಬೇಕೋ ಬ್ಯಾಡೋ ನೀನ ಹೇಳು" ಅಂದ. ಅವಳು ಎರಡು ದಿನ ಟೈಮ್ ಕೇಳಿದಳು. ಮೂರನೇ ದಿನ ಅರ್ಜಿ ತುಂಬಿದ ಸ್ಕ್ರೀನ್‌ಶಾಟ್ ಬಂತು.

ಈಗ ಉಳಿದಿರೋದು ಒಂದೇ ಚರ್ಚೆ, ಸೆಂಟರ್ ದೂರ ಬಿದ್ದರೆ ಹೇಗೆ ಹೋಗೋದು ಅಂತ. 2019ರ ಮೇ 5ಕ್ಕೆ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಬರಬೇಕಾದದ್ದು ಪರೀಕ್ಷೆ ಶುರುವಾದ ಮೇಲೆ ಬೆಂಗಳೂರು ಮುಟ್ಟಿ, ಉತ್ತರ ಕರ್ನಾಟಕದ ನೂರಾರು ಮಕ್ಕಳಿಗೆ ನೀಟ್ ತಪ್ಪಿತ್ತು. ಅವರಿಗೆ ಮೇ 20ಕ್ಕೆ ಇನ್ನೊಂದು ಅವಕಾಶ ಸಿಕ್ಕಿತು ಅನ್ನೋದು ಪುಣ್ಯ. ನಮ್ಮ ಗೆಳೆಯ ಪುಣ್ಯ ನಂಬಿ ಕೂರೋನಲ್ಲ. ಹಿಂದಿನ ದಿನವೇ ತಂಗಿಯನ್ನು ಕರ್ಕೊಂಡು ಹೋಗ್ತಾನಂತೆ. ಪರೀಕ್ಷೆ ಮುಗಿಸಿ ಹೊರಗೆ ಬಂದ ಕೂಡಲೇ "ಏನು ತಿಂತೀ?" ಅಂತ ಮಾತ್ರ ಕೇಳಬೇಕು ಅಂತ ನಾವು ಮೂವರೂ ಅವನ ಹತ್ತಿರ ಆಣೆ ಹಾಕಿಸಿಕೊಂಡಿದ್ದೀವಿ.