ಫಲನದ ಪಾಠ

ಕಲಾವಿಭಾಗದವರಿಗೂ ಗಣಿತಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂಬ ಮಾತು ರೂಢಿಯಲ್ಲಿದೆ. ಆದರೂ ಗಣಿತದ ಒಂದು ಕಲ್ಪನೆಯನ್ನು ನಾವು ಕೈಬಿಡಲಾಗದು. ಅದು ಫಂಕ್ಷನ್, ಎಂದರೆ ಫಲನ. ಮನುಷ್ಯರ ಬೆಲೆ ಕಟ್ಟುವಾಗ ನಾವು ಮಾಡುವ ಒಂದು ದೊಡ್ಡ ತಪ್ಪನ್ನು ಅದು ತೋರಿಸಿಕೊಡುತ್ತದೆಂಬುದು ನನ್ನ ಅಭಿಪ್ರಾಯ.

ಫಲನವೆಂದರೆ ಸೂತ್ರವೆಂದೇ ಹಲವರ ತಿಳಿವಳಿಕೆ. ಮಹಾಗಣಿತಜ್ಞ ಆಯ್ಲರನೂ ೧೭೪೮ರ ತನ್ನ ಗ್ರಂಥದಲ್ಲಿ ಅದನ್ನು ಚರರಾಶಿ, ಸ್ಥಿರರಾಶಿಗಳಿಂದ ಕಟ್ಟಿದ ಉಕ್ತಿಯೆಂದು ವಿವರಿಸಿದ್ದನು. ೧೮೩೭ರಲ್ಲಿ ಜರ್ಮನ್ ಗಣಿತಜ್ಞ ಡಿರಿಕ್ಲೆ ಈ ಸೂತ್ರದ ಹಂಗನ್ನು ಬಿಡಿಸಿದನು. ಹಾಕಿದ ಪ್ರತಿಯೊಂದು ಬೆಲೆಗೂ ಒಂದೇ ಒಂದು ಫಲ ನಿಶ್ಚಯವಾಗಿದ್ದರೆ ಸಾಕು. ಸೂತ್ರ ಇರಲಿ, ಬಿಡಲಿ.

ಹಾಕಿದ್ದನ್ನು ಆದಾನವೆಂದೂ ಬಂದದ್ದನ್ನು ಫಲವೆಂದೂ ಕರೆಯೋಣ. ಒಂದು ಊರಿನಿಂದ ಹೊರಡುವ ಬಸ್ಸಿನ ಪೂರ್ಣ ಟಿಕೀಟಿನ ದರಪಟ್ಟಿಯನ್ನು ನೋಡಿ. ಇಳಿಯುವ ನಿಲ್ದಾಣ ಆದಾನ, ದರ ಫಲ. ಒಂದೇ ನಿಲ್ದಾಣಕ್ಕೆ ಎರಡು ದರ ಹೇಳುವ ಪಟ್ಟಿ ಫಲನವಾಗದು. ಆದರೆ ಒಂದೇ ಸ್ಟೇಜಿನೊಳಗಿನ ಎರಡು ನಿಲ್ದಾಣಗಳಿಗೆ ಒಂದೇ ದರವಿದ್ದರೆ ದೋಷವಿಲ್ಲ. ವರ್ಗ ಮಾಡುವ ಫಲನವೂ ಹಾಗೆಯೇ: ೩ನ್ನು ಹಾಕಿದರೂ ೯, ಋಣ ೩ನ್ನು ಹಾಕಿದರೂ ೯. ಆದುದರಿಂದ ಆದಾನದಿಂದ ಫಲಕ್ಕೆ ಹೋಗುವ ದಾರಿ ಯಾವಾಗಲೂ ಇದೆ. ಬೇರೆ ಬೇರೆ ಆದಾನಗಳಿಗೆ ಬೇರೆ ಬೇರೆ ಫಲಗಳಿದ್ದಾಗ ಮಾತ್ರ ಹಿಂದಿರುಗುವ ದಾರಿಯೂ ಉಂಟು. ಟಿಕೀಟಿನ ದರವೊಂದನ್ನೇ ನೋಡಿ ಪ್ರಯಾಣಿಕನು ಇಳಿಯುವ ನಿಲ್ದಾಣವನ್ನು ಹೇಳಹೊರಡುವುದು ದುಸ್ಸಾಹಸ.

ಪರೀಕ್ಷೆಯ ದರ್ಜೆಯ ವಿಷಯದಲ್ಲಿ ಈ ದುಸ್ಸಾಹಸವನ್ನು ನಾವು ನಿತ್ಯವೂ ಮಾಡುತ್ತೇವೆ. ನೂರಕ್ಕೆ ೬೦ ಬಂದರೆ ಪ್ರಥಮ ದರ್ಜೆಯೆಂಬ ನಿಯಮವಿದೆಯೆಂದು ಇಟ್ಟುಕೊಳ್ಳೋಣ. ೬೦ಕ್ಕೂ ೬೯ಕ್ಕೂ ಫಲ ಒಂದೇ. ೫೯ಕ್ಕೂ ೬೦ಕ್ಕೂ ಬೇರೆ. ದರ್ಜೆಯಿಂದ ಅಂಕವನ್ನೇ ಹೇಳಲಾಗದಿರುವಾಗ ವಿದ್ಯಾರ್ಥಿಯ ಬುದ್ಧಿ, ಶ್ರಮ, ಮನೆಯ ಕಷ್ಟಗಳನ್ನು ಅದರಲ್ಲಿ ಓದುವುದು ಹೇಗೆ? ಆ ನಿಯಮಕ್ಕೆ ಹಾಕಿದ್ದು ಅಂಕ ಮಾತ್ರ. ಹೊಲದ ಕೆಲಸ ಮುಗಿಸಿ ರಾತ್ರಿ ಓದಿದವನ ೫೦ಕ್ಕೂ ಮನೆಪಾಠದ ನೆರವಿದ್ದವನ ೫೦ಕ್ಕೂ ಅದು ಭೇದವೆಣಿಸದು.

ದರ್ಜೆಯೇ ಬೇಡವೆಂದು ನನ್ನ ವಾದವಲ್ಲ. ನೂರಾರು ಅರ್ಜಿಗಳನ್ನು ನೋಡಬೇಕಾದವರಿಗೆ ಎಲ್ಲರಿಗೂ ಸಲ್ಲುವ ಒಂದು ನಿಯಮ ಬೇಕು. ಮುಖ ನೋಡಿ ಮಣೆ ಹಾಕುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಫಲವನ್ನು ಹಿಡಿದು ಮನುಷ್ಯನನ್ನು ಅಳೆಯುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದಕ್ಕೆ ಹಾಕಿದ್ದೇನು? ಬೇರೆ ಏನನ್ನು ಹಾಕಿದ್ದರೂ ಇದೇ ಬರುತ್ತಿತ್ತೇ? ಈ ಎರಡನ್ನು ಕೇಳಲು ಕಲಿತವನಿಗೆ, ಅವನು ಯಾವ ವಿಭಾಗದವನೇ ಆಗಿರಲಿ, ಫಲನದ ಪಾಠ ಬಂದಿತೆಂದೇ ಹೇಳಬೇಕು.