ಕರಿಚಿರತೆಗೆ ಕ್ಯಾಮೆರಾ ಬಂತು, ಬದನವಾಳಿನ ನೂಲಿಗೂ ಬರಲಿ
ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಾಗರಿಕರಲ್ಲಿ ಮನವಿ

2023ರ ಮಾರ್ಚ್‌ನಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ನಲವತ್ತು ನಿಮಿಷದ ಸಾಕ್ಷ್ಯಚಿತ್ರ ಆಸ್ಕರ್ ಗೆದ್ದಿತು. ಅದರ ಚಿತ್ರೀಕರಣ ನಡೆದ ತೆಪ್ಪಕಾಡು ಆನೆ ಶಿಬಿರ ನಂಜನಗೂಡಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಸುಮಾರು ಎರಡು ಗಂಟೆಯ ಹಾದಿ. ಇಷ್ಟು ಹತ್ತಿರದ ಕಥೆ ನೋಡಲು ಈ ಭಾಗದವರು ನೆಟ್‌ಫ್ಲಿಕ್ಸ್‌ಗೆ ಚಂದಾ ಕಟ್ಟಬೇಕು. ದೆಹಲಿಯಲ್ಲಿ ಗಾಯಗೊಂಡ ಹದ್ದುಗಳನ್ನು ಸಾಕುವ ಅಣ್ಣತಮ್ಮಂದಿರ ಕುರಿತ ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀತ್ಸ್’ 2022ರಲ್ಲಿ ಸನ್‌ಡಾನ್ಸ್‌ನಲ್ಲೂ ಕಾನ್‌ನಲ್ಲೂ ಪ್ರಶಸ್ತಿ ಪಡೆಯಿತು. ಭಾರತದ ಸಾಕ್ಷ್ಯಚಿತ್ರಕ್ಕೆ ಹೊರಗೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಒಳಗೆ, ತಾಲ್ಲೂಕು ಕೇಂದ್ರದ ಪರದೆಯಲ್ಲಿ, ಅದಕ್ಕೆ ಜಾಗವೇ ಇಲ್ಲ.

ಹಿಂದೆ ಜಾಗವಿತ್ತು. 1948ರಲ್ಲಿ ಹುಟ್ಟಿದ, ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಸಿನಿಮಾಕ್ಕೆ ಮೊದಲು ತೋರಿಸುವುದು ಚಿತ್ರಮಂದಿರಗಳ ಪರವಾನಗಿಯ ಷರತ್ತಾಗಿತ್ತು. ಅದರಲ್ಲಿ ಸರ್ಕಾರದ ಪ್ರಚಾರ ಬಹಳವಿತ್ತು, ನಿಜ. ಆದರೂ ಟೂರಿಂಗ್ ಟಾಕೀಸಿನ ನೆಲದಲ್ಲಿ ಕೂತವರು ತಾವು ಎಂದೂ ಹೋಗಲಾಗದ ಅಣೆಕಟ್ಟು, ಕಾರ್ಖಾನೆ, ದೂರದ ಊರಿನ ನೆರೆಯನ್ನು ಕನ್ನಡದ ವಿವರಣೆಯೊಂದಿಗೆ ಕಂಡರು. 2022ರಲ್ಲಿ ಆ ಸಂಸ್ಥೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು. ಎಂಟು ಸಾವಿರಕ್ಕೂ ಹೆಚ್ಚು ಚಿತ್ರಗಳ ಅದರ ಭಂಡಾರ ಜನರ ತೆರಿಗೆ ಹಣದಿಂದ ಆದದ್ದು.

ಕಬಿನಿ ಕಾಡಿನ ಕರಿಚಿರತೆಯನ್ನು ಶಾಜ್ ಜಂಗ್ ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಚಿತ್ರಿಸಿದರು. ಅದನ್ನು ಜಗತ್ತು ನೋಡಿತು, ಸಂತೋಷ. ಅದೇ ಕಾಡಿನಿಂದ ಕಬಿನಿ ನದಿ ಇಳಿದು ನಂಜನಗೂಡಿನಲ್ಲಿ 1735ರ ಸೇತುವೆಯ ಕೆಳಗೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ದಂಡೆಯ ಬದುಕನ್ನೂ ಅಷ್ಟೇ ತಾಳ್ಮೆಯಿಂದ ಚಿತ್ರಿಸಬೇಕು. ಟಿ.ವಿ. ಕ್ಯಾಮೆರಾ ಬರುವುದು ಎರಡೇ ಕಾರಣಕ್ಕೆ: ಜಾತ್ರೆ ಇಲ್ಲವೆ ಪ್ರವಾಹ. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿದಾಗ ಬಂತು, 2020ರ ಡಿಸೆಂಬರ್‌ನಲ್ಲಿ ತಲಕಾಡಿನ ಪಂಚಲಿಂಗ ದರ್ಶನಕ್ಕೆ ಬಂತು. ನೀರು ಇಳಿದ ಮೇಲೆ ಮನೆಯೊಳಗಿನ ಕೆಸರು ತೆಗೆದವರ ಬಳಿಗೆ ಯಾರು ಬಂದರು?

ಬದನವಾಳನ್ನೇ ನೋಡಿ. ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಅಲ್ಲಿದೆ. ದೇವಸ್ಥಾನ ಪ್ರವೇಶದ ವಿಚಾರದಲ್ಲಿ 1993ರ ಮಾರ್ಚ್‌ನಲ್ಲಿ ಮೂವರು ದಲಿತರು ಕೊಲೆಯಾದದ್ದೂ ಅದೇ ಊರಿನಲ್ಲಿ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿಯೇ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹಕ್ಕೆ ಕೂತರು. ಚರಕ, ರಕ್ತ, ಮತ್ತೆ ಚರಕ. ಈ ಮೂರನ್ನೂ ಒಟ್ಟಿಗೆ ಹಿಡಿದು, ಯಾರ ಬಾಯಿಯನ್ನೂ ಮುಚ್ಚಿಸದೆ ಕೇಳಿಸಿಕೊಳ್ಳುವ ವ್ಯವಧಾನ ಸುದ್ದಿವಾಹಿನಿಗೆ ಇಲ್ಲ. ಅದು ಸಾಕ್ಷ್ಯಚಿತ್ರದ ಕೆಲಸ. ಭೌಗೋಳಿಕ ಸೂಚಕ ಪಡೆದೂ ಪನಾಮ ಸೊರಗು ರೋಗಕ್ಕೆ ತೋಟತೋಟಗಳೇ ಬರಿದಾದ ನಂಜನಗೂಡು ರಸಬಾಳೆಯ ಕಥೆಯೂ ಹಾಗೆಯೇ. ಕಂದು ನೆಟ್ಟು ಬೆಳೆಸಿದ ಹಿರಿಯ ರೈತರ ಮಾತು ಇಂದು ದಾಖಲಾಗದಿದ್ದರೆ ನಾಳೆ ಪುಸ್ತಕದಲ್ಲಿ ಹುಡುಕಬೇಕಾದೀತು. ಏಳು ತಂತಿಯ ಪಿಟೀಲಿನ ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ತಿರುಮಕೂಡಲಿನಲ್ಲಿ ಎಂಬುದು ಅಲ್ಲಿನ ಎಷ್ಟು ಮಕ್ಕಳಿಗೆ ಗೊತ್ತು?

ಜನ ಇಂಥದ್ದನ್ನು ನೋಡುವುದಿಲ್ಲ ಎಂಬ ಮಾತು ಸುಳ್ಳು. ಡೇವಿಡ್ ಅಟೆನ್‌ಬರೋ ದನಿ ನೀಡಿದ ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ಟಿಕೆಟ್ ಮೇಲೆ ನಡೆಯಿತು. 2022ರ ಅಕ್ಟೋಬರ್ 28ರಂದು ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಗೆ ಊರೂರುಗಳಲ್ಲಿ ಜನ ಬಂದರು. ಬಂದದ್ದು ಅಪ್ಪುವಿಗಾಗಿ ಇರಬಹುದು; ಕೂತು ನೋಡಿದ್ದು ಮಾತ್ರ ಕಾಡನ್ನು, ಕಡಲನ್ನು.

ಆದ್ದರಿಂದ ಬೇಡಿಕೆಗಳು ಸರಳ. ಎರಡೂ ಪಟ್ಟಣಗಳ ಸರ್ಕಾರಿ ಕಾಲೇಜಿನಲ್ಲೋ ಸಮುದಾಯ ಭವನದಲ್ಲೋ ತಿಂಗಳಿಗೊಂದು ಸಂಜೆ ಉಚಿತ ಪ್ರದರ್ಶನ ನಡೆಯಲಿ, ಫಿಲ್ಮ್ಸ್ ಡಿವಿಷನ್ನಿನ ಕನ್ನಡ ಚಿತ್ರಗಳು ಅಲ್ಲಿಗೆ ಬರಲಿ. ಕಥಾಚಿತ್ರಗಳಿಗೆ ಸಹಾಯಧನ ಕೊಡುವ ರಾಜ್ಯ ಸರ್ಕಾರ ಅದರಲ್ಲೊಂದು ಸಣ್ಣ ಪಾಲನ್ನು ತಾಲ್ಲೂಕಿನ ಯುವಕ ಯುವತಿಯರ ಸಾಕ್ಷ್ಯಚಿತ್ರಕ್ಕೆ ತೆಗೆದಿಡಲಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಶೈಕ್ಷಣಿಕ ಬಹುಮಾಧ್ಯಮ ಸಂಶೋಧನಾ ಕೇಂದ್ರದಲ್ಲಿ (ಇಎಂಆರ್‌ಸಿ) ಕ್ಯಾಮೆರಾವೂ ಇದೆ, ಸಂಕಲನ ಬಲ್ಲವರೂ ಇದ್ದಾರೆ. ಬೇಸಿಗೆ ರಜೆಯಲ್ಲಿ ಅವರು ನಂಜನಗೂಡಿಗೆ ಬಂದು ಶಿಬಿರ ನಡೆಸಲಿ. ಮೊದಲ ಚಿತ್ರ ಬದನವಾಳಿನ ನೂಲುವ ಹೆಣ್ಣುಮಕ್ಕಳದ್ದಾಗಲಿ, ಎರಡನೆಯದು ರಸಬಾಳೆಯದ್ದು. ಈ ಬೇಡಿಕೆಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಯಲ್ಲಿ ಬರೆಸಬೇಕು, ಅದರ ಪ್ರತಿ ಈ ಭಾಗದ ಶಾಸಕರ ಕೈ ಸೇರಬೇಕು.