ಒಂದೇ ಪೆಟ್ಟಿಗೆ, ಎರಡು ಸಂಸಾರ
ಜಯನಗರದ ನಮ್ಮ ಮನೆಯ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಒಗ್ಗದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು.

"ಉಬುಂಟು ಹಾಕೋಣ, ಅಜ್ಜಿ" ಎಂದಳು ಮೊಮ್ಮಗಳು.

ತಾತ ಬರೆದಿಟ್ಟ ಕಥೆಗಳ ಗತಿ? ಅವೆಲ್ಲ ಕನ್ನಡ ಗಣಕ ಪರಿಷತ್ತಿನ ಹಳೆಯ 'ನುಡಿ'ಯಲ್ಲಿವೆ, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ಕನ್ನಡವೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಹಾಗಾಗಿ ಎರಡೂ ಇರಲಿ ಎಂದೆವು.

ಮೊದಲು ಕಥೆಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಂಡೆವು. ಮಕ್ಕಳೇ, ಇದನ್ನು ಮಾಡದೆ ಮುಂದಕ್ಕೆ ಹೋಗಲೇಬೇಡಿ. ಆಮೇಲೆ ವಿಂಡೋಸ್‌ನ ಜಾಗ ಕುಗ್ಗಿಸಿ, ತೆರವಾದ ಕಡೆ ಉಬುಂಟು ಹಾಕಿದಳು. ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆಯೂ ಅಲ್ಲೇ ಇರುತ್ತದೆ, ಹುಷಾರು.

ಈಗ ಗುಂಡಿ ಒತ್ತಿದರೆ 'ಗ್ರಬ್' ಎಂಬ ಪಟ್ಟಿ ಬರುತ್ತದೆ, ಯಾವುದು ಬೇಕೋ ಆರಿಸಿಕೊಳ್ಳಬಹುದು. ತಾತ ವಿಂಡೋಸ್‌ಗೆ ಹೋದಾಗ ಮಾತ್ರ ಇಂಟರ್‌ನೆಟ್ ವೈರು ಕಿತ್ತಿಡುತ್ತೇವೆ.